ಹೊಟ್ಟೆ ಕ್ಯಾನ್ಸರ್ ಜೀನ್ ಟೆಸ್ಟ್ ಮಾಡಿಸಿದೆವು: ಲ್ಯಾಬಿಗೆ ಎರಡು ಸ್ಟಾರ್, ಕೌನ್ಸೆಲರ್‌ಗೆ ಐದು

ನೇರವಾಗಿ ಹೇಳಿಬಿಡುತ್ತೇನೆ. ಲ್ಯಾಬಿಗೆ ಎರಡು ಸ್ಟಾರ್. ಅದೇ ಲ್ಯಾಬಿನ ಕೌನ್ಸೆಲರ್‌ಗೆ, ಅಂದರೆ ಜೀನ್ ಟೆಸ್ಟಿನ ಅರ್ಥ ಬಿಡಿಸಿ ಹೇಳುವವರಿಗೆ, ಐದು. ಎರಡೂ ಕೂಡಿಸಿ ಮೂರೂವರೆ ಅಂತ ಹಾಕಬಹುದಿತ್ತು, ಆದರೆ ನಾನು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಒಳ್ಳೇ ದರ್ಜೆಯ ರಾಶಿ ಅಡಿಕೆಯನ್ನೂ ಕಮ್ಮಿ ದರ್ಜೆಯ ಗೊರಬಲನ್ನೂ ಒಂದೇ ಚೀಲಕ್ಕೆ ಸುರಿದು ಸರಾಸರಿ ರೇಟು ಕಟ್ಟಿದರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ.

ಲ್ಯಾಬಿನ ಹೆಸರು ಹಾಕುತ್ತಿಲ್ಲ. ಬೆಂಗಳೂರಿನದು, ನಮ್ಮೂರಲ್ಲಿ ಅದರ ಕಲೆಕ್ಷನ್ ಸೆಂಟರ್ ಇದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಬೈಯುವುದು ಬೈದಾಗಿದೆ, ಅವರೂ ತಪ್ಪು ಒಪ್ಪಿಕೊಂಡಿದ್ದಾರೆ. ಇದೇ ಟೆಸ್ಟಿಗೆ ಹೊರಟ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ನಮ್ಮ ತವರು ತೀರ್ಥಹಳ್ಳಿ ಕಡೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಐದು ವರ್ಷದ ಹಿಂದೆ 43ನೇ ವಯಸ್ಸಿಗೆ ಹೋಗಿಬಿಟ್ಟರು. ಹೊಟ್ಟೆ ಕ್ಯಾನ್ಸರ್. ಶುರುವಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಗ್ಯಾಸ್ಟ್ರಿಕ್. ಎರಡು ಕಡುಬು ತಿನ್ನುವವರು ಅರ್ಧಕ್ಕೇ ಸಾಕು ಅನ್ನುತ್ತಿದ್ದರು. ಮೊದಲನೇ ಸಲ ಎಂಡೋಸ್ಕೋಪಿ ಮಾಡಿದಾಗ ಗಂಟೂ ಇಲ್ಲ, ಹುಣ್ಣೂ ಇಲ್ಲ, ಎಲ್ಲ ಚೆನ್ನಾಗಿದೆ ಅಂದರು. ಐದು ತಿಂಗಳ ಮೇಲೆ ಮತ್ತೆ ನೋಡಿದಾಗ ಹೊಟ್ಟೆಯ ಗೋಡೆಯೇ ಗಟ್ಟಿಯಾಗಿತ್ತು. ರಿಪೋರ್ಟಿನಲ್ಲಿ ‘ಡಿಫ್ಯೂಸ್, ಸಿಗ್ನೆಟ್ ರಿಂಗ್ ಸೆಲ್’ ಅಂತ ಬರೆದಿತ್ತು. ಆಗ ಯಾರಿಗೂ ಅರ್ಥ ಆಗಲಿಲ್ಲ, ಅರ್ಥ ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಅದಕ್ಕೂ ಎರಡು ವರ್ಷ ಮುಂಚೆ ದೊಡ್ಡಮ್ಮನಿಗೆ, ಅಂದರೆ ಅಮ್ಮನ ಅಕ್ಕನಿಗೆ, ಸ್ತನ ಕ್ಯಾನ್ಸರ್ ಆಗಿತ್ತು, 58ನೇ ವಯಸ್ಸಿನಲ್ಲಿ. ಆಪರೇಷನ್ ಆಗಿ ಈಗ ಗಟ್ಟಿಮುಟ್ಟಾಗಿದ್ದಾರೆ, ತೋಟ ಸುತ್ತುತ್ತಾರೆ. ಅವರ ರಿಪೋರ್ಟಿನಲ್ಲಿ ‘ಲೋಬ್ಯುಲರ್’ ಅಂತಿತ್ತು, ಹಾಲಿನ ಗ್ರಂಥಿಯಲ್ಲಿ ಶುರುವಾಗುವ ಜಾತಿ. ಒಬ್ಬರಿಗೆ ಎದೆ, ಇನ್ನೊಬ್ಬರಿಗೆ ಹೊಟ್ಟೆ. ಎರಡಕ್ಕೂ ಸಂಬಂಧ ಇರಬಹುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ನನಗೂ ಹೊಳೆಯಲಿಲ್ಲ. 38 ತುಂಬಿತು, ಸ್ವಲ್ಪ ಎದೆಯುರಿ ಇತ್ತು, ರಾತ್ರಿ ಹೊತ್ತು ಚಿಕ್ಕಮ್ಮ ನೆನಪಾಗುತ್ತಿದ್ದರು. ಅಷ್ಟರಲ್ಲಿ ಮೊಬೈಲಿನಲ್ಲಿ ಜಾಹೀರಾತು ಬಂತು, ಒಂದೇ ರಕ್ತ ಪರೀಕ್ಷೆ, ನೂರಕ್ಕೂ ಹೆಚ್ಚು ಕ್ಯಾನ್ಸರ್ ಜೀನ್‌ಗಳು. ಹೋದೆ. ಕೌಂಟರಿನ ಹುಡುಗ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಯಾವ ಪ್ಯಾಕೇಜ್? ಕ್ಯಾಶಾ, ಯುಪಿಐನಾ? ಮನೆಯಲ್ಲಿ ಯಾರಿಗೆ ಏನಾಗಿತ್ತು, ಯಾವ ವಯಸ್ಸಿಗೆ, ಅವರು ಈಗ ಇದ್ದಾರಾ, ಒಂದೂ ಕೇಳಲಿಲ್ಲ. ಬಿಲ್ಲು ಐದಂಕಿ. ಸೂಜಿ ಚುಚ್ಚಿದ್ದು ಮಾತ್ರ ಗೊತ್ತೇ ಆಗಲಿಲ್ಲ, ಆ ಹುಡುಗಿಯ ಕೈಗುಣ ಒಳ್ಳೆಯದು.

ನಾಲ್ಕು ವಾರಕ್ಕೆ ರಿಪೋರ್ಟು ವಾಟ್ಸಾಪಿಗೆ ಬಂತು. ಹದಿನಾಲ್ಕು ಪುಟ, ಪೂರ್ತಿ ಇಂಗ್ಲಿಷು, ಒಂದು ಸಾಲೂ ಕನ್ನಡ ಇಲ್ಲ. ಮೊದಲನೇ ಪುಟದಲ್ಲಿ ಹಸಿರು ಚೌಕದೊಳಗೆ ‘ನೆಗೆಟಿವ್’. ಕೌಂಟರಿಗೆ ಫೋನ್ ಮಾಡಿದರೆ ಹುಡುಗ ಕಂಗ್ರಾಟ್ಸ್ ಮೇಡಂ ಅಂದ. ನಾನು ಮಂಡಿಯವರಿಗೆಲ್ಲ ಮೈಸೂರ್‌ಪಾಕ್ ಹಂಚಿದೆ. ಹಮಾಲರಿಗೂ ಕೊಟ್ಟೆ. ಸುಮ್ನೆ ಅಲ್ಲ, ಎಷ್ಟೋ ತಿಂಗಳಿಂದ ಎದೆ ಮೇಲಿದ್ದ ಕಲ್ಲು ಇಳಿದಿತ್ತು.

ಎಂಟು ದಿನ ಬಿಟ್ಟು ಕೌನ್ಸೆಲರ್ ಫೋನ್ ಮಾಡಿದರು. ಪ್ಯಾಕೇಜಿನಲ್ಲೇ ಕೌನ್ಸೆಲಿಂಗ್ ಸೇರಿತ್ತಂತೆ, ಟೆಸ್ಟಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ. ಮುಂಚಿನದನ್ನು ಕೌಂಟರಿನಲ್ಲಿ ಹೇಳಿಯೇ ಇರಲಿಲ್ಲ. ಈಕೆ ಹಾಸನದ ಕಡೆಯವರು, ಮಾತು ಮೆತ್ತಗೆ, ಅವಸರ ಇಲ್ಲ. ಕೇಳಿದ ಮೊದಲ ಪ್ರಶ್ನೆಯೇ ನನ್ನ ಮೈಸೂರ್‌ಪಾಕನ್ನು ಕಹಿ ಮಾಡಿತು. “ನಿಮ್ಮ ಮನೆಯಲ್ಲಿ ಕಾಯಿಲೆ ಬಂದವರದ್ದು ಯಾರದ್ದಾದರೂ ಟೆಸ್ಟ್ ಆಗಿದೆಯಾ?”

ಇಲ್ಲ ಅಂದೆ. ಹಾಗಾದರೆ ನಿಮ್ಮ ರಿಪೋರ್ಟಿನ ‘ನೆಗೆಟಿವ್’ಗೆ ಈಗಲೇ ಬೆಲೆ ಕಟ್ಟೋದು ಕಷ್ಟ ಅಂದರು.

ನಾನು ಇದನ್ನು ನನ್ನ ಲೆಕ್ಕದ ಭಾಷೆಗೆ ಹಾಕಿಕೊಂಡೆ. ಹಳೆಯ ಖಾತೆ ಪುಸ್ತಕದಲ್ಲಿ ಎಲ್ಲೋ ಒಂದು ತಪ್ಪು ಇದೆ ಅಂತ ಅನುಮಾನ. ಮೂಲ ಪುಸ್ತಕ ತೆಗೆದು ನೋಡುವುದು ಬಿಟ್ಟು, ಅದರಿಂದ ನಕಲು ಮಾಡಿದ ಹೊಸ ಪುಸ್ತಕ ನೋಡಿ ‘ತಪ್ಪು ಸಿಗಲಿಲ್ಲ’ ಅಂದರೆ ಏನು ಅರ್ಥ? ತಪ್ಪು ಮೂಲದಲ್ಲೇ ಇರಲಿಲ್ಲವೋ, ಇದ್ದದ್ದು ನನ್ನ ನಕಲಿಗೆ ಬರಲಿಲ್ಲವೋ, ಅಥವಾ ನಾವು ಹುಡುಕದ ಪುಟದಲ್ಲಿ ಕೂತಿದೆಯೋ, ಮೂರೂ ಆಗಬಹುದು. ಮೊದಲು ಕಾಯಿಲೆ ಬಂದವರಲ್ಲಿ ಹುಡುಕಬೇಕು. ಅಲ್ಲಿ ತಪ್ಪು ಯಾವ ಸಾಲಿನಲ್ಲಿದೆ ಅಂತ ಗೊತ್ತಾದರೆ ಉಳಿದವರಲ್ಲಿ ಆ ಒಂದು ಸಾಲು ನೋಡಿದರೆ ಸಾಕು. ಅದಕ್ಕೆ ದುಡ್ಡೂ ಬಹಳ ಕಮ್ಮಿ. ಅಂದರೆ ನಾನು ಐದಂಕಿ ಕೊಟ್ಟು ಮಾಡಿಸಿದ್ದು ತಿರುವು ಮುರುವು ಕೆಲಸ. ಟೆಸ್ಟ್ ಕೆಟ್ಟದ್ದಲ್ಲ, ಮಾಡಿಸಿದ ಆಳು ತಪ್ಪು. ಎರಡು ಸ್ಟಾರ್ ಹೋದದ್ದು ಇಲ್ಲೇ.

ಈಗ ಜೀನ್ ವಿಷಯ. ಆಕೆ ಮುಕ್ಕಾಲು ಗಂಟೆ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ನಮ್ಮ ಮಂಡಿಯ ತಿಜೋರಿಗೆ ಎರಡು ಬೀಗ. ಒಂದು ಮುರಿದರೂ ಇನ್ನೊಂದು ಕಾಯುತ್ತದೆ. ಕೋಶಗಳು ಮಿತಿ ಮೀರಿ ಬೆಳೆಯದ ಹಾಗೆ, ಸಾಲು ತಪ್ಪದ ಹಾಗೆ ನೋಡಿಕೊಳ್ಳುವ ಜೀನ್‌ಗಳು ನಮ್ಮಲ್ಲಿವೆ, ಟ್ಯೂಮರ್ ಸಪ್ರೆಸರ್ ಅಂತಾರೆ. ಪ್ರತಿಯೊಂದರದ್ದೂ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸಾಮಾನ್ಯವಾಗಿ ಎರಡೂ ಹೋದರೇ ಕಾವಲು ಪೂರ್ತಿ ಹೋಗುವುದು. ಆಲ್ಫ್ರೆಡ್ ಕ್ನಡ್ಸನ್ ಅನ್ನುವ ಅಮೆರಿಕದ ವೈದ್ಯರು 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರ್ ನೋಡಿ ಈ ಎರಡು ಪೆಟ್ಟಿನ ಲೆಕ್ಕ ಹಾಕಿದರು. ಕೆಲವರು ಒಂದು ಬೀಗ ಮುರಿದುಕೊಂಡೇ ಹುಟ್ಟುತ್ತಾರೆ. ಅವರ ಮೈಯ ಪ್ರತಿ ಕೋಶದಲ್ಲೂ ಉಳಿದಿರುವುದು ಒಂದೇ ಬೀಗ. ಹೊಟ್ಟೆಯೊಳಗೆ ಕೋಟಿಗಟ್ಟಲೆ ಕೋಶ, ಎಲ್ಲೋ ಒಂದರಲ್ಲಿ ಎರಡನೆಯದೂ ಕೆಟ್ಟರೆ ಕಥೆ ಶುರು. ಅದಕ್ಕೇ ಇಂಥ ಮನೆಗಳಲ್ಲಿ ಕಾಯಿಲೆ ಚಿಕ್ಕ ವಯಸ್ಸಿಗೇ ಬರುತ್ತದೆ.

ನಮ್ಮ ಮನೆಯ ಮಟ್ಟಿಗೆ ಅವರಿಗೆ ಅನುಮಾನ ಇದ್ದದ್ದು ಸಿಡಿಎಚ್1 ಅನ್ನುವ ಜೀನ್ ಮೇಲೆ. 16ನೇ ಕ್ರೋಮೋಸೋಮಿನಲ್ಲಿದೆ. ಇದು ಇ-ಕ್ಯಾಡ್ಹೆರಿನ್ ಅನ್ನುವ ಪ್ರೋಟೀನು ಮಾಡಿಸುತ್ತದೆ, ಪಕ್ಕಪಕ್ಕದ ಕೋಶಗಳನ್ನು ಹಿಡಿದಿಡುವ ಗಾರೆ ಅದು. ನಮ್ಮ ಕಡೆ ಹಳೇ ಜಂಬಿಟ್ಟಿಗೆ ಗೋಡೆ ನೋಡಿದ್ದೀರಲ್ಲ, ಮಳೆಗಾಲದಲ್ಲಿ ಮಣ್ಣಿನ ಗಾರೆ ತೊಳೆದು ಹೋದರೆ ಕಲ್ಲು ಒಂದೊಂದೇ ಸಡಿಲ ಆಗಿ ಜಾರುತ್ತದೆ. ಇಲ್ಲೂ ಹಾಗೇ. ಕೋಶಗಳು ಗುಂಪು ಕಟ್ಟಿ ಗೆಡ್ಡೆ ಆಗುವುದಿಲ್ಲ. ಒಂಟೊಂಟಿಯಾಗಿ ಹೊಟ್ಟೆಯ ಒಳಪದರದ ಅಡಿಗೆ ನುಸುಳಿ ಹರಡುತ್ತವೆ, ‘ಡಿಫ್ಯೂಸ್’ ಅಂದರೆ ಇದೇ. ಮೇಲಿಂದ ನೋಡಿದರೆ ಒಳಪದರ ಸಪಾಟು. ಚಿಕ್ಕಮ್ಮನ ಮೊದಲ ಎಂಡೋಸ್ಕೋಪಿ ಯಾಕೆ ಚೆನ್ನಾಗಿತ್ತು ಅಂತ ಐದು ವರ್ಷ ಆದ ಮೇಲೆ ನನಗೆ ಆ ಫೋನಿನಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ನಾವು ಆ ಡಾಕ್ಟರನ್ನೇ ಬೈದುಕೊಂಡು ಓಡಾಡಿದ್ದೆವು.

ಈ ಜೀನ್ ಸಿಕ್ಕಿದ ಕಥೆಯೂ ಹೇಳಿದರು, ನನಗೆ ಬಹಳ ಹಿಡಿಸಿತು. ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬದಲ್ಲಿ ಹೊಟ್ಟೆ ಕ್ಯಾನ್ಸರಿಗೆ ಸಾಲುಸಾಲು ಸಾವು. ಮನೆಯವರೇ ಯಾರು ಯಾವಾಗ ಹೋದರು ಅಂತ ಲೆಕ್ಕ ಇಟ್ಟು ವಿಜ್ಞಾನಿಗಳ ಹತ್ತಿರ ಹೋದರು. ಪ್ಯಾರಿ ಗಿಲ್ಫರ್ಡ್ ಅವರ ತಂಡ ಅವರ ಜೊತೆಗೇ ಕೆಲಸ ಮಾಡಿ 1998ರಲ್ಲಿ ಸಿಡಿಎಚ್1 ತಪ್ಪನ್ನು ಹಿಡಿಯಿತು. ಮನೆಯ ಲೆಕ್ಕದಿಂದ ಶುರುವಾದ ಕೆಲಸ. ಲೆಕ್ಕ ಬರೆಯುವವರಿಗೆ ಅಷ್ಟು ಹೆಮ್ಮೆ ಬೇಡವಾ?

ಇಲ್ಲೊಂದು ತಕರಾರು ಇದೆ. ಲ್ಯಾಬಿನ ಬಣ್ಣದ ಕೈಪಿಡಿ ಓದಿದರೆ, ಹೊಟ್ಟೆ ಕ್ಯಾನ್ಸರ್ ಅಂದರೆ ಎಲ್ಲ ಹುಟ್ಟಿನಿಂದಲೇ ಬಂದದ್ದು ಅನ್ನಿಸಬೇಕು, ಹಾಗೆ ಬರೆದಿದ್ದಾರೆ. ಶುದ್ಧ ವ್ಯಾಪಾರ. ಹುಟ್ಟಿನಿಂದ ಬರುವುದು ನೂರಕ್ಕೆ ಒಂದರಿಂದ ಮೂರು ಮಾತ್ರ. ಉಳಿದವರಲ್ಲೂ ಈ ಕಾವಲು ಜೀನ್‌ಗಳು ಹೋಗಿರುತ್ತವೆ, ಆದರೆ ಗೆಡ್ಡೆಯೊಳಗೆ ಮಾತ್ರ, ಜೀವನದ ನಡುವೆ ಹೋದದ್ದು. ಅದು ಮಕ್ಕಳಿಗೆ ದಾಟುವುದಿಲ್ಲ. ಪಿ53 ಅಂತ ದೊಡ್ಡ ಕಾವಲುಗಾರ ಒಂದಿದೆ, 17ನೇ ಕ್ರೋಮೋಸೋಮಿನದು, ಹೊಟ್ಟೆ ಕ್ಯಾನ್ಸರುಗಳಲ್ಲಿ ಹೆಚ್ಚುಕಮ್ಮಿ ಅರ್ಧದಲ್ಲಿ ಅದು ಕೆಟ್ಟಿರುತ್ತದೆ. 2014ರಲ್ಲಿ ಅಮೆರಿಕದ ದೊಡ್ಡ ತಂಡವೊಂದು 295 ಗೆಡ್ಡೆಗಳನ್ನು ಬಿಡಿಸಿ ನೋಡಿ ಹೊಟ್ಟೆ ಕ್ಯಾನ್ಸರನ್ನು ನಾಲ್ಕು ಗುಂಪು ಮಾಡಿತು. ಪಿ53 ಜಾಸ್ತಿ ಕೆಟ್ಟದ್ದು ಒಂದು ಗುಂಪಿನಲ್ಲಿ, ಸಿಡಿಎಚ್1 ತಪ್ಪು ಹೆಚ್ಚಾಗಿ ಸಿಕ್ಕಿದ್ದು ಬೇರೆ ಗುಂಪಿನಲ್ಲಿ. ಒಂದೇ ಹೆಸರಿನ ಕಾಯಿಲೆ, ಒಳಗೆ ನಾಲ್ಕು ದಾರಿ.

ಕೆಲವು ಸಲ ಜೀನಿನ ಅಕ್ಷರ ಒಂದೂ ತಪ್ಪಾಗಿರುವುದಿಲ್ಲ, ಆದರೂ ಅದು ಕೆಲಸ ಮಾಡುವುದಿಲ್ಲ. ಅದರ ಶುರುವಿನ ಭಾಗಕ್ಕೆ ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಂಡು ಬಾಯಿ ಮುಚ್ಚಿಸುತ್ತವೆ. ಖಾತೆಯಲ್ಲಿ ಬರೆದದ್ದು ಸರಿಯಾಗೇ ಇದೆ, ಆದರೆ ಆ ಪುಟದ ಮೇಲೆ ಯಾರೋ ಕಾಗದ ಅಂಟಿಸಿಬಿಟ್ಟಿದ್ದಾರೆ, ಓದಲು ಆಗುವುದಿಲ್ಲ. ಸಿಡಿಎಚ್1 ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟವರಲ್ಲಿ ಎರಡನೇ ಪೆಟ್ಟು ಎಷ್ಟೋ ಸಲ ಹೀಗೇ ಬೀಳುವುದಂತೆ. ರಕ್ತದ ಮಾಮೂಲಿ ಜೀನ್ ಟೆಸ್ಟಿನಲ್ಲಿ ಇದು ಕಾಣುವುದಿಲ್ಲ.

ಚಿಕ್ಕಮ್ಮನ ಫೈಲು ಅಟ್ಟದ ಮೇಲಿತ್ತು. ತೆಗೆದೆ. ಪ್ಲಾಸ್ಟಿಕ್ ಕವರಿಗೆ ಜಿರಲೆ ವಾಸನೆ. ಬಯಾಪ್ಸಿ ರಿಪೋರ್ಟಿನ ಎರಡನೇ ಪುಟದಲ್ಲಿ, ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು, ‘ಇ-ಕ್ಯಾಡ್ಹೆರಿನ್: ಇಲ್ಲ’. ಐದು ವರ್ಷ ನಮ್ಮ ತಲೆ ಮೇಲೇ ಇತ್ತು ಆ ಸಾಲು. ನನಗೆ ಕೈ ನಡುಗಿತು. ಸಿಕ್ಕೇಬಿಟ್ಟಿತು ಅಂತ ಕೌನ್ಸೆಲರ್‌ಗೆ ಫೋಟೋ ಕಳಿಸಿದೆ. ಅವರು ತಣ್ಣಗೆ ಹೇಳಿದರು, ಇಷ್ಟರಿಂದ ವಂಶದ್ದು ಅನ್ನೋಕೆ ಆಗಲ್ಲ, ಈ ಜಾತಿಯ ಕ್ಯಾನ್ಸರಿನಲ್ಲಿ ವಂಶದ ತಪ್ಪು ಇಲ್ಲದವರಿಗೂ ಗೆಡ್ಡೆಯಲ್ಲಿ ಗಾರೆ ಕಾಣೆಯಾಗಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಆ ಫೋಟೋ ನೋಡಿ ಇನ್ನೊಂದು ಪ್ಯಾಕೇಜ್ ಮಾರುತ್ತಿದ್ದರು. ಅದಕ್ಕೇ ಐದು ಸ್ಟಾರ್.

ಆಮೇಲೆ ವಂಶವೃಕ್ಷ ಬರೆಸಿದರು. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು, ಕಾಯಿಲೆ ಬಂದವರಿಗೆ ಒಳಗೆ ಮಸಿ, ಹೋದವರಿಗೆ ಅಡ್ಡ ಗೆರೆ. ಮೂರು ತಲೆಮಾರು ಬೇಕು ಅಂದರು. ನಾನು ಒಂದು ವಾರ ಊರವರಿಗೆಲ್ಲ ಫೋನ್ ಮಾಡಿದೆ. ಅಜ್ಜಿ ಯಾವುದರಿಂದ ಹೋದದ್ದು ಅಂತ ಕೇಳಿದರೆ ಒಬ್ಬರು ಗುಲ್ಮ ಅಂದರು, ಇನ್ನೊಬ್ಬರು ಹೊಟ್ಟೆ ಹುಣ್ಣು ಅಂದರು, ಅಮ್ಮನ ಸೋದರಮಾವ ಮಾತ್ರ ದನಿ ತಗ್ಗಿಸಿ, ಯಾರೋ ಕೈಮದ್ದು ಹಾಕಿದ್ದು ಮಗಾ, ಊಟ ಸೇರ್ತಾ ಇರಲಿಲ್ಲ, ಸೊರಗಿ ಸೊರಗಿ ಹೋದಳು, ನಲವತ್ತೈದೂ ಆಗಿರಲಿಲ್ಲ ಅಂದರು. ಕೌನ್ಸೆಲರ್ ನಗಲಿಲ್ಲ. ಕೈಮದ್ದನ್ನು ಬಿಟ್ಟು ‘ಊಟ ಸೇರದೆ ಸೊರಗಿ, 45ರ ಒಳಗೆ’ ಅಂತ ಬರೆದುಕೊಂಡು, ಸುತ್ತಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಒಂದೇ ಮನೆಯಲ್ಲಿ ಒಬ್ಬರಿಗೆ ಡಿಫ್ಯೂಸ್ ಜಾತಿಯ ಹೊಟ್ಟೆ ಕ್ಯಾನ್ಸರ್, ಇನ್ನೊಬ್ಬರಿಗೆ 70 ವರ್ಷದೊಳಗೆ ಲೋಬ್ಯುಲರ್ ಸ್ತನ ಕ್ಯಾನ್ಸರ್ ಇದ್ದರೆ ಸಿಡಿಎಚ್1 ಟೆಸ್ಟ್ ಮಾಡಿಸಬೇಕು ಅನ್ನುವುದು 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆಯಂತೆ. ಎರಡೂ ಕಾಯಿಲೆಗೆ ಬೇರು ಒಂದೇ ಗಾರೆ. ಅಜ್ಜಿಯ ಪ್ರಶ್ನಾರ್ಥಕ ಚಿಹ್ನೆ ಇಲ್ಲದೇ ಹೋದರೂ ನಮ್ಮ ಮನೆ ಲೆಕ್ಕಕ್ಕೆ ಬರುತ್ತಿತ್ತು. ಟೆಸ್ಟ್ ಆಗಬೇಕಾದದ್ದು ದೊಡ್ಡಮ್ಮನಿಗೆ.

ಎರಡನೇ ಗೋಳು ಇಲ್ಲಿ ಶುರು. ಕಲೆಕ್ಷನ್ ಸೆಂಟರಿನವರು ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದುಬಿಟ್ಟರು. ದೊಡ್ಡಮ್ಮ ತೀರ್ಥಹಳ್ಳಿಯಿಂದ ಬೆಳಿಗ್ಗೆ ಮೊದಲ ಬಸ್ಸು ಹತ್ತಿ, ಅರವತ್ತು ಚಿಲ್ಲರೆ ಕಿಲೋಮೀಟರ್ ಕೂತು, ಮಂಡಗದ್ದೆ ತಿರುವುಗಳಲ್ಲಿ ತಲೆ ಸುತ್ತಿಸಿಕೊಂಡು, ಎರಡು ಮಹಡಿ ಹತ್ತಿ ಬಂದರು. ನೀರೂ ಕುಡಿದಿರಲಿಲ್ಲ. ರಕ್ತ ಕೊಟ್ಟು ವಾಪಸ್ ಹೋದರು. ಆರು ದಿನಕ್ಕೆ ಫೋನು, ಸ್ಯಾಂಪಲ್ ರಿಜೆಕ್ಟ್, ರಕ್ತ ಹೆಪ್ಪುಗಟ್ಟಿದೆ, ಮತ್ತೆ ಕೊಡಬೇಕು. ಜೀನ್ ಟೆಸ್ಟಿಗೆ ಉಪವಾಸವೇ ಬೇಡ ಅಂತ ಆಗ ಕೌನ್ಸೆಲರ್ ಹೇಳಿದರು. ಸಕ್ಕರೆ, ಕೊಬ್ಬು ನೋಡುವ ಟೆಸ್ಟಲ್ಲ ಇದು, ತಿಂದ ಕಡುಬಿನಿಂದ ಜೀನ್ ಬದಲಾಗುತ್ತದಾ?

ಎರಡನೇ ಸಲ ನಾನೂ ಜೊತೆಗೆ ನಿಂತೆ. ಸೂಜಿಯ ಆ ಕೈಗುಣದ ಹುಡುಗಿಯೇ ಇದ್ದಳು, ಮೊದಲ ಸಲ ಬೇರೆ ಯಾರೋ ತೆಗೆದಿದ್ದರಂತೆ. ನೇರಳೆ ಮುಚ್ಚಳದ ಟ್ಯೂಬು. ಅದರ ಒಳಗೋಡೆಗೆ ಇಡಿಟಿಎ ಅನ್ನುವ ಪುಡಿ ಸವರಿರುತ್ತಾರೆ, ರಕ್ತ ಹೆಪ್ಪಾಗದಿರಲು. ರಕ್ತ ತುಂಬಿದ ಕೂಡಲೇ ಅವಳು ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಎತ್ತಿದಳು, ಮತ್ತೆ ತಲೆಕೆಳಗು, ಮತ್ತೆ ಎತ್ತಿದಳು. ಎಂಟು ಸಲ ಎಣಿಸಿದೆ. ಅಲ್ಲಾಡಿಸಲಿಲ್ಲ, ತೊಟ್ಟಿಲು ತೂಗಿದ ಹಾಗೆ ತೂಗಿದಳು. ಮೊದಲ ಸಲ ಈ ಹತ್ತು ಸೆಕೆಂಡಿನ ಕೆಲಸ ಯಾರೋ ಸರಿಯಾಗಿ ಮಾಡಿರಲಿಲ್ಲ, ಅಷ್ಟೇ. ದೊಡ್ಡಮ್ಮ, “ನಮ್ಮ ಸೊಸಾಯಿಟಿ ಹಾಲಿನ ಹುಡುಗನೂ ಇಷ್ಟು ನಾಜೂಕಾಗಿ ಸ್ಯಾಂಪಲ್ ತೆಗೆಯೂದಿಲ್ಲ ಕಣೇ” ಅಂದರು.

ಲ್ಯಾಬಿನವರು ಎರಡನೇ ಸಲಕ್ಕೆ ದುಡ್ಡು ತಗೊಳ್ಳಲಿಲ್ಲ. ಬಸ್ ಚಾರ್ಜ್ ಕೇಳಿದೆ, ಕೊಡಲಿಲ್ಲ.

ಐದು ವಾರಕ್ಕೆ ದೊಡ್ಡಮ್ಮನ ರಿಪೋರ್ಟು ಬಂತು. ಈ ಸಲ ವಾಟ್ಸಾಪಿಗೆ ಕಳಿಸಬೇಡಿ, ಕೌನ್ಸೆಲರ್ ಮಾತಾಡಿದ ಮೇಲೆ ಕೊಡಿ ಅಂತ ಮೊದಲೇ ಹೇಳಿದ್ದೆ, ಹಾಗೇ ಮಾಡಿದರು. ವಿಡಿಯೋ ಕಾಲ್, ದೊಡ್ಡಮ್ಮನ ಜಗಲಿ ಮೇಲೆ ಎಲ್ಲ ಕೂತಿದ್ದೆವು. ಸಿಡಿಎಚ್1ರಲ್ಲಿ ತಪ್ಪು ಸಿಕ್ಕಿತ್ತು. ‘ನಾನ್‌ಸೆನ್ಸ್ ಮ್ಯುಟೇಶನ್’ ಅಂದರು. ದೊಡ್ಡಮ್ಮನಿಗೆ ಅಷ್ಟು ಇಂಗ್ಲಿಷ್ ಬರುತ್ತದೆ, ಮುಖ ಕೆಂಪಾಯಿತು. “ನಾನ್‌ಸೆನ್ಸಾ? ನಂಗಾ?” ಅಂದರು. ಅದು ಬೈಗುಳ ಅಲ್ಲ ದೊಡ್ಡಮ್ಮ, ಜೀನಿನ ಒಂದು ಅಕ್ಷರ ಬದಲಾಗಿ ಅರ್ಧದಲ್ಲೇ ‘ಇಲ್ಲಿಗೆ ನಿಲ್ಲಿಸು’ ಅಂತ ಓದಿಕೊಳ್ಳುತ್ತದೆ, ಪ್ರೋಟೀನು ಪೂರ್ತಿ ತಯಾರಾಗುವುದೇ ಇಲ್ಲ, ಅದಕ್ಕೆ ಆ ಹೆಸರು ಅಂತ ಕೌನ್ಸೆಲರ್ ಹೇಳಿದ ಮೇಲೆ ಸಮಾಧಾನ ಆಯಿತು. ನಗು ಬಂತು ಎಲ್ಲರಿಗೂ. ಆ ಹೊತ್ತಿನಲ್ಲಿ ನಗು ಬೇಕಿತ್ತು.

ಈಗ ನನ್ನ ಹಳೇ ನೆಗೆಟಿವ್‌ಗೆ ಬೆಲೆ ಬಂತು. ಹುಡುಕಬೇಕಾದ ಸಾಲು ಗೊತ್ತಾಗಿದೆ, ನನ್ನಲ್ಲಿ ಆ ಸಾಲು ಸರಿ ಇದೆ. ಖುಷಿ ಆಗಬೇಕಿತ್ತು. ಆದರೆ ಪಕ್ಕದಲ್ಲಿ ದೊಡ್ಡಮ್ಮನ ಮಗಳು ಕೂತಿದ್ದಳು, ನನ್ನ ತಂಗಿ, 31 ವರ್ಷ. ಜೀನಿನಲ್ಲಿ ತಪ್ಪಿರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಎಸೆದ ಹಾಗೆ. ಅವಳು ಟೆಸ್ಟ್ ಮಾಡಿಸಿದಳು, ನನ್ನ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ. ಅವಳಿಗೆ ಇದೆ.

ಅವಳ ಅಣ್ಣ ಆಮೇಲೆ ನೋಡೋಣ ಅಂದ. ನಾನು ಒತ್ತಾಯ ಮಾಡಲು ಹೋದೆ. ಕೌನ್ಸೆಲರ್ ಬೇಡ ಅಂದರು, ತಿಳಿದುಕೊಳ್ಳುವುದೂ ಬಿಡುವುದೂ ಅವರ ಇಷ್ಟ. ಚಿಕ್ಕಮ್ಮನ ಮಗನಿಗೆ ಇನ್ನೂ ಹದಿನೇಳು, ಅವನು ದೊಡ್ಡವನಾಗಿ ತಾನೇ ಕೇಳಲಿ ಅಂದರು.

ತಂಗಿಗೆ ಏನು ಹೇಳಿದರು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅಂತರ್ಜಾಲದಲ್ಲಿ ಹುಡುಕಿದರೆ ಎದೆ ಒಡೆಯುವ ಅಂಕಿಗಳೇ ಮೊದಲು ಸಿಗುತ್ತವೆ. 2015ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಈ ತಪ್ಪಿರುವವರಿಗೆ 80 ವರ್ಷದೊಳಗೆ ಹೊಟ್ಟೆ ಕ್ಯಾನ್ಸರ್ ಬರುವ ಸಾಧ್ಯತೆ ಗಂಡಸರಲ್ಲಿ ನೂರಕ್ಕೆ 70, ಹೆಂಗಸರಲ್ಲಿ 56. ಆದರೆ ಆ ಲೆಕ್ಕ ಹಾಕಿದ್ದು ತುಂಬಾ ಜನಕ್ಕೆ ಕಾಯಿಲೆ ಬಂದ ಮನೆಗಳಿಂದ. ಕೊಳೆರೋಗ ಬಂದ ತೋಟಗಳನ್ನೇ ಎಣಿಸಿ ಇಡೀ ಜಿಲ್ಲೆಯ ಫಸಲು ಹೇಳಿದರೆ ಹೇಗೋ ಹಾಗೆ. 2019ರಲ್ಲಿ ಬೇರೆ ರೀತಿ ಆರಿಸಿದ ಮನೆಗಳನ್ನು ನೋಡಿದಾಗ ಗಂಡಸರಿಗೆ 42, ಹೆಂಗಸರಿಗೆ 33 ಅಂತ ಬಂತು. ಕಮ್ಮಿ ಅಲ್ಲ, ಆದರೂ 56 ಬೇರೆ, 33 ಬೇರೆ. ಹೆಂಗಸರಿಗೆ ಲೋಬ್ಯುಲರ್ ಸ್ತನ ಕ್ಯಾನ್ಸರಿನ ಸಾಧ್ಯತೆ ನೂರಕ್ಕೆ ಸುಮಾರು 40 ಇದೆ, ಅದಕ್ಕೆ ವರ್ಷ ವರ್ಷ ಎಂಆರ್‌ಐ ಹೇಳಿದ್ದಾರೆ.

ಹೊಟ್ಟೆಗೆ ಎರಡು ದಾರಿ. ಒಂದು, ಕ್ಯಾನ್ಸರ್ ಬರುವ ಮುಂಚೆಯೇ ಹೊಟ್ಟೆಯನ್ನು ಪೂರ್ತಿ ತೆಗೆಸುವುದು, ಅನ್ನನಾಳವನ್ನು ಸೀದಾ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇದನ್ನು ಕೇಳಿದಾಗ ದೊಡ್ಡಮ್ಮ, ಹೊಟ್ಟೆ ಇಲ್ಲದೆ ಮನುಷ್ಯ ಇರುತ್ತಾನಾ ಅಂದರು. ಇರುತ್ತಾನೆ. ಸ್ವಲ್ಪಸ್ವಲ್ಪ ಆರೇಳು ಸಲ ತಿನ್ನಬೇಕು, ತೂಕ ಇಳಿಯುತ್ತದೆ, ಬಿ12 ಜೀವನಪೂರ್ತಿ ತಗೊಳ್ಳಬೇಕು, ಸಿಹಿ ಜಾಸ್ತಿ ತಿಂದರೆ ತಲೆ ಸುತ್ತಿ ಬೆವರು ಬರುತ್ತದೆ. ಹೀಗೆ ಮುಂಜಾಗ್ರತೆಗೆ ತೆಗೆದ ಹೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲಿನಲ್ಲಿ ಕ್ಯಾನ್ಸರಿನ ಸಣ್ಣ ಸಣ್ಣ ಚುಕ್ಕೆಗಳು ಆಗಲೇ ಇರುತ್ತವೆ, ಎಂಡೋಸ್ಕೋಪಿಯಲ್ಲಿ ಕಾಣದವು. ಎರಡನೇ ದಾರಿ, ವರ್ಷಕ್ಕೊಂದು ಎಂಡೋಸ್ಕೋಪಿ. ಮಾಮೂಲಿಯದ್ದಲ್ಲ, ಅನುಮಾನ ಬಂದ ಜಾಗದ ಜೊತೆಗೆ ಹೊಟ್ಟೆಯ ಬೇರೆ ಬೇರೆ ಭಾಗದಿಂದ ಸುಮಾರು 30 ಚೂರು ತೆಗೆದು ನೋಡಬೇಕು. ಈ ಪದ್ಧತಿ ಗೊತ್ತಿರುವ ಕಡೆಗೇ ಹೋಗಿ, ಹತ್ತಿರ ಇದೆ ಅಂತ ಎಲ್ಲಾದರೂ ಮಾಡಿಸಬೇಡಿ ಅಂದರು ಕೌನ್ಸೆಲರ್. ತಂಗಿ ಸದ್ಯಕ್ಕೆ ಎರಡನೇ ದಾರಿಯಲ್ಲಿದ್ದಾಳೆ, ಬೆಂಗಳೂರಿಗೆ ಹೋಗಿಬರುತ್ತಾಳೆ. ಇನ್ನೊಂದು ಮಗು ಆದ ಮೇಲೆ ಮೊದಲ ದಾರಿ ಯೋಚಿಸುತ್ತೇನೆ ಅಂದಿದ್ದಾಳೆ. ನಾನು ಅಭಿಪ್ರಾಯ ಹೇಳಿಲ್ಲ. ಹೊಟ್ಟೆ ಅವಳದು.

ಮೊದಲ ಎಂಡೋಸ್ಕೋಪಿಯಲ್ಲಿ ಅವಳಿಗೆ ಎಚ್ ಪೈಲೋರಿ ಬ್ಯಾಕ್ಟೀರಿಯಾ ಸಿಕ್ಕಿತು, ಹದಿನಾಲ್ಕು ದಿನ ಮಾತ್ರೆ ನುಂಗಿದಳು. ಹೊಟ್ಟೆ ಕ್ಯಾನ್ಸರಿನ ದೊಡ್ಡ ಕಾರಣ ಇದೇ, ಜೀನ್ ಎಲ್ಲ ಆಮೇಲೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಇದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ನಾನು ಮೇಲೆ ಹೇಳಿದ ಕಾಗದ ಅಂಟಿಸುವ ಕೆಲಸಕ್ಕೂ ಈ ಸೋಂಕು ಕೈ ಹಾಕುತ್ತದಂತೆ. ವರ್ಷಗಟ್ಟಲೆ ಉರಿಯೂತ ಇದ್ದರೆ ಒಳ್ಳೇ ಜೀನಿನ ಬಾಯಿಯೂ ಮುಚ್ಚುತ್ತದೆ.

ಉಪ್ಪಿನಕಾಯಿ ಬಿಡಬೇಕಾ ಅಂತ ಅಮ್ಮ ಕೇಳಿದರು. ವರ್ಷಕ್ಕೆ ಎರಡು ಜಾಡಿ ಅಪ್ಪೆಮಿಡಿ ಹಾಕುವ ಮನೆ ನಮ್ಮದು. ಉಪ್ಪು ಜಾಸ್ತಿ ಇರುವ ಊಟ, ಹೊಗೆ ಹಾಕಿದ ಮಾಂಸ, ತಂಬಾಕು, ಇವು ಹೊಟ್ಟೆ ಕ್ಯಾನ್ಸರಿಗೆ ದಾರಿ ಮಾಡುತ್ತವೆ ಅನ್ನುವುದು ನಿಜ, ನಮ್ಮ ದೇಶದಲ್ಲಿ ಮಿಜೋರಾಮಿನಲ್ಲಿ ಇದು ಬಹಳ ಜಾಸ್ತಿ. ಎಲೆ ಪಕ್ಕದಲ್ಲಿ ಅರ್ಧ ಮಿಡಿ ಇಟ್ಟುಕೊಂಡರೆ ಪರವಾಗಿಲ್ಲ, ಮೂರು ಹೊತ್ತೂ ಬೇಡ ಅಂದರು. ಅಮ್ಮನಿಗೆ ಅಷ್ಟು ಸಾಕಾಯಿತು.

ಹಾಗಾದರೆ ನೀವು ಮಾಡಿಸಬೇಕಾ? ಸುಮ್ನೆ ಭಯಕ್ಕೆ ಬೇಡ. ಎಪ್ಪತ್ತೈದರ ಅಜ್ಜನಿಗೆ ಹೊಟ್ಟೆ ಕ್ಯಾನ್ಸರ್ ಆಗಿತ್ತು, ಮನೆಯಲ್ಲಿ ಬೇರೆ ಯಾರಿಗೂ ಏನೂ ಇಲ್ಲ ಅಂದರೆ ಆ ದುಡ್ಡಿಗೆ ತೋಟಕ್ಕೆ ಗೊಬ್ಬರ ಹಾಕಿ. ಚಿಕ್ಕ ವಯಸ್ಸಿನ ಸಾವು, ಡಿಫ್ಯೂಸ್, ಲೋಬ್ಯುಲರ್ ಅನ್ನುವ ಪದಗಳು ಹಳೇ ಫೈಲಿನಲ್ಲಿದ್ದರೆ ಮೊದಲು ಕೌನ್ಸೆಲರ್ ಜೊತೆ ಮಾತಾಡಿಸಿ ಅನ್ನಿ, ಆಮೇಲೆ ಸೂಜಿ. ಕಾಯಿಲೆ ಬಂದವರು ಬದುಕಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಬಯಾಪ್ಸಿ ಚೂರನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ, ಎಷ್ಟೋ ಸಲ ವರ್ಷಗಟ್ಟಲೆ ಇಟ್ಟಿರುತ್ತಾರೆ, ಅದನ್ನೂ ಕೇಳಬಹುದು. ನನಗೆ ಈ ಮೇಣದ ವಿಷಯ ಮೊದಲೇ ಗೊತ್ತಿರಲಿಲ್ಲ. ಲ್ಯಾಬಿನವರಿಗೆ ನನ್ನ ಬೇಡಿಕೆ ಒಂದೇ, ಮೊದಲನೇ ಪುಟವನ್ನಾದರೂ ಕನ್ನಡದಲ್ಲಿ ಕೊಡಿ. ಹಸಿರು ಚೌಕ ಹಾಕುವ ಮುಂಚೆ ‘ಇದು ಯಾರ ಜೊತೆ ಹೋಲಿಸಿ ಹೇಳಿದ ನೆಗೆಟಿವ್’ ಅಂತ ಒಂದು ಸಾಲು ಬರೆಯಿರಿ.

ಇನ್ನು ಉಳಿದದ್ದು ಅಮ್ಮ. ಅಕ್ಕನಿಗೆ ಇದೆ, ತಂಗಿಗೂ ಇದ್ದಿರಬೇಕು, ನಡುವಿನವರು ಅಮ್ಮ. ನಿಂಗೆ ಇಲ್ಲ ಅಂತ ಬಂತಲ್ಲ ಮಗಾ, ಅಂದ್ಮೇಲೆ ನಂಗೂ ಇಲ್ಲ, ಸುಮ್ನೆ ಎಂತಕ್ಕೆ ಖರ್ಚು ಅಂತ ಮೂರು ತಿಂಗಳು ತಳ್ಳಿದರು. ಅಮ್ಮನಲ್ಲಿ ಇದ್ದರೂ ನನಗೆ ಒಳ್ಳೇ ಪ್ರತಿ ಬಂದಿರಬಹುದು, ನನ್ನ ನೆಗೆಟಿವ್ ಮೇಲಕ್ಕೆ ಹತ್ತುವುದಿಲ್ಲ ಅಂತ ನಾನು ಹೇಳಿದರೆ ಕೇಳಲಿಲ್ಲ, ಕೌನ್ಸೆಲರ್ ಹೇಳಿದ ಮೇಲೆ ಕೇಳಿದರು. ಸೋಮವಾರ ಕರೆದುಕೊಂಡು ಹೋಗುತ್ತಿದ್ದೇನೆ. ನಿನ್ನೆ ರಾತ್ರಿಯಿಂದ ಕಡುಬಿಗೆ ಅಕ್ಕಿ ನೆನೆಸುವ ವಿಚಾರವೇ ಆಗಿದೆ. ಭಾನುವಾರ ಮಾಡಿದರೆ ಸೋಮವಾರ ಬೆಳಿಗ್ಗೆಗೆ ಗಟ್ಟಿಯಾಗುತ್ತದಂತೆ, ಅದಕ್ಕೆ ಸೋಮವಾರ ಐದಕ್ಕೇ ಎದ್ದು ಮಾಡುತ್ತಾರಂತೆ. ತಿಂದೇ ಬರುತ್ತಾರಂತೆ, ಆ ಕೈಗುಣದ ಹುಡುಗಿಗೂ ಎರಡು ಡಬ್ಬಿಗೆ ಹಾಕಿಕೊಳ್ಳುತ್ತಾರಂತೆ.